ಎರಡು ತುದಿಯಿಲ್ಲದ ತಂತಿ ಬೇಡ: ಹ್ಯೂಯಿ ಕಟ್ಟುತ್ತಿರುವ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನೀನು ಕಳಿಸಿದ ಚಿತ್ರಗಳನ್ನು ಒಂದೊಂದಾಗಿ, ನಿಧಾನವಾಗಿ ನೋಡಿದೆ. 1/48 ಅಳತೆಯ, ಹ್ಯೂಯಿ ಎಂದು ಕರೆಯುವ ಯುಎಚ್-1ಎಚ್ ಹೆಲಿಕಾಪ್ಟರ್ ಮಾದರಿಯ ಕಿಟ್‌ಗೆ ಡಬ್ಬಿಯಲ್ಲಿ ಬಂದ ಭಾಗಗಳಷ್ಟೇ ಸಾಲದು, ರೋಟರಿನ ತಲೆಗೂ ಎಂಜಿನ್ ಗೂಡಿಗೂ ಕ್ಯಾಬಿನ್ನಿಗೂ ಕೈಯಾರೆ ವಿವರಗಳನ್ನು ಸೇರಿಸಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀಯ. ತಂತಿ ಕತ್ತರಿಸುವ ಮೊದಲು ನಿಜವಾದ ಹೆಲಿಕಾಪ್ಟರಿನ ಒಂದು ಒಳ್ಳೆಯ ಚಿತ್ರವನ್ನು ಮುಂದಿಟ್ಟುಕೊಂಡು, ಅದರಲ್ಲಿ ಕಾಣುವ ಪ್ರತಿಯೊಂದು ಸರಳು ಮತ್ತು ಕೊಳವೆ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂಬುದನ್ನು ಬೆರಳಿಟ್ಟು ಹಿಂಬಾಲಿಸು. ನನ್ನ ಮೊದಲ ಹ್ಯೂಯಿಯಲ್ಲಿ ನಾನು ಇದನ್ನು ಮಾಡಲಿಲ್ಲ. ಗೇರ್‌ಬಾಕ್ಸಿನ ಸುತ್ತ ಖಾಲಿ ಕಂಡಲ್ಲೆಲ್ಲ ಸೀಸದ ತಂತಿಯ ತುಣುಕುಗಳನ್ನು ಅಂಟಿಸಿದೆ. ಮುಗಿದಾಗ ಅದು ತುಂಬಿಕೊಂಡಂತೆ ಕಂಡಿತೇ ಹೊರತು ಯಂತ್ರದಂತೆ ಕಾಣಲಿಲ್ಲ. ಕಾರಣ ತಿಳಿಯಲು ನನಗೆ ಬಹಳ ದಿನ ಬೇಕಾಯಿತು: ನಾನು ಹಾಕಿದ ತಂತಿಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಎಲ್ಲಿಯೂ ಸೇರದೆ ನಿಂತಿದ್ದವು.

ಇದು ರೋಟರಿನ ತಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಎದ್ದು ಕಾಣುತ್ತದೆ, ಆದ್ದರಿಂದ ಅಲ್ಲಿಂದಲೇ ಆರಂಭಿಸು. ಬ್ಲೇಡುಗಳಿಗೆ ಅಡ್ಡಲಾಗಿ, ಬ್ಲೇಡುಗಳು ಕೂಡುವ ನಡುಭಾಗವಾದ ಹಬ್ಬಿನ ಮೇಲುಗಡೆ, ಎರಡು ತುದಿಗಳಲ್ಲಿ ತೂಕದ ಗುಂಡುಗಳನ್ನು ಹೊತ್ತ ಉದ್ದನೆಯ ಸರಳೊಂದು ಇರುವುದನ್ನು ನೀನು ನೋಡಿರುತ್ತೀಯ. ಅದೇ ಸ್ಟೆಬಿಲೈಸರ್ ಬಾರ್. ಆರ್ಥರ್ ಯಂಗ್ ರೂಪಿಸಿ ಬೆಲ್ ಕಂಪನಿಗೆ ತಂದ ಈ ವ್ಯವಸ್ಥೆ 1946ರ ಮಾರ್ಚ್ 8ರಂದು ನಾಗರಿಕ ಹಾರಾಟದ ಪ್ರಮಾಣಪತ್ರ ಪಡೆದ ಬೆಲ್ 47ರಲ್ಲಿಯೂ ಇತ್ತು. ಅಲ್ಲಿಂದ 1956ರ ಅಕ್ಟೋಬರ್ 20ರಂದು ಮೊದಲು ಹಾರಿದ, ಹ್ಯೂಯಿಯ ಪ್ರಾಯೋಗಿಕ ರೂಪವಾದ ಎಕ್ಸ್‌ಎಚ್-40ರ ಮೂಲಕ ಹ್ಯೂಯಿ ಕುಟುಂಬಕ್ಕೆ ಬಂತು. ತಿರುಗುತ್ತಿರುವ ಈ ಬಾರ್ ಬುಗುರಿಯ ಹಾಗೆ ತನ್ನ ಸಮತಲವನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ. ಗಾಳಿಯ ಹೊಡೆತಕ್ಕೆ ಹೆಲಿಕಾಪ್ಟರ್ ಓಲಿದಾಗ ಬಾರ್ ಮಾತ್ರ ಸ್ವಲ್ಪ ಹೊತ್ತು ಮೊದಲಿನ ಸಮತಲದಲ್ಲಿಯೇ ಉಳಿದು, ಆ ವ್ಯತ್ಯಾಸವನ್ನು ಸಣ್ಣ ಸರಳುಗಳ ಮೂಲಕ ಬ್ಲೇಡುಗಳ ಕೋನಕ್ಕೆ ದಾಟಿಸಿ ಓಲಾಟವನ್ನು ತಗ್ಗಿಸುತ್ತದೆ.

ಈ ಕೆಲಸವನ್ನು ಒಮ್ಮೆ ಅರ್ಥಮಾಡಿಕೊಂಡರೆ ಸರಳುಗಳ ದಾರಿಯೂ ತಾನಾಗಿ ತಿಳಿಯುತ್ತದೆ. ಪೈಲಟ್‌ನ ಆಜ್ಞೆಯನ್ನು ತಿರುಗುವ ರೋಟರಿಗೆ ದಾಟಿಸುವ ಕೆಳಗಿನ ತಟ್ಟೆ, ಅಂದರೆ ಸ್ವಾಶ್‌ಪ್ಲೇಟ್ ಕಡೆಯಿಂದ ಮೇಲೇರುವ ನಿಯಂತ್ರಣದ ಸರಳು ನೇರವಾಗಿ ಬ್ಲೇಡಿಗೆ ಹೋಗುವುದಿಲ್ಲ. ಅದು ಮೊದಲು ಸ್ಟೆಬಿಲೈಸರ್ ಬಾರಿನ ಮೇಲಿರುವ ಸನ್ನೆಕೋಲಿಗೆ ಸೇರುತ್ತದೆ, ಆ ಸನ್ನೆಕೋಲಿನಿಂದ ಇನ್ನೊಂದು ಸರಳು ಹೊರಟು ಬ್ಲೇಡಿನ ಬುಡದಿಂದ ಚಾಚಿಕೊಂಡ ಕೊಂಬನ್ನು ಹಿಡಿಯುತ್ತದೆ. ಪೈಲಟ್ ಕೊಡುವ ಆಜ್ಞೆಯೂ ಬಾರ್ ಕೊಡುವ ತಿದ್ದುಪಡಿಯೂ ಆ ಸನ್ನೆಕೋಲಿನಲ್ಲಿಯೇ ಒಂದಾಗುತ್ತವೆ. ನನ್ನ ಮೊದಲ ಮಾದರಿಯಲ್ಲಿ ಕೆಳಗಿನ ಸರಳನ್ನೇ ನೇರವಾಗಿ ಬ್ಲೇಡಿಗೆ ಎಳೆದು ಅಂಟಿಸಿದ್ದೆ. ಅಂಥ ಹೆಲಿಕಾಪ್ಟರಿನಲ್ಲಿ ಬಾರ್ ಇದ್ದೂ ಇಲ್ಲದಂತೆ. ಇನ್ನೊಂದು ಎಚ್ಚರಿಕೆ: ನೀನು ಕೂಡಿಟ್ಟ ಚಿತ್ರಗಳಲ್ಲಿ ಹ್ಯೂಯಿಯ ಇನ್ನೊಂದು ರೂಪವಾದ ಯುಎಚ್-1ಸಿ ಕೂಡ ಬೆರೆತಿರುವಂತೆ ಕಂಡಿತು. ಅದರ ರೋಟರ್ ಬೇರೆ ಬಗೆಯದು, 44 ಅಡಿ ವ್ಯಾಸದ್ದು, ಅದರಲ್ಲಿ ಸ್ಟೆಬಿಲೈಸರ್ ಬಾರ್ ಇಲ್ಲವೇ ಇಲ್ಲ. ಆ ಚಿತ್ರಗಳನ್ನು ಈಗಲೇ ಬೇರೆ ತೆಗೆದಿಡು.

ಅಳತೆಯ ವಿಷಯದಲ್ಲಿ ನಿನ್ನ ಹೆಲಿಕಾಪ್ಟರ್ ಒಂದು ಉಪಕಾರ ಮಾಡಿದೆ. ಯುಎಚ್-1ಎಚ್ ರೋಟರಿನ ವ್ಯಾಸ 48 ಅಡಿ. 1/48 ಅಳತೆಯಲ್ಲಿ ಅದು ಸರಿಯಾಗಿ ಒಂದು ಅಡಿ, ಅಂದರೆ 304.8 ಮಿ.ಮೀ. ಬ್ಲೇಡಿನ ಅಗಲ 21 ಇಂಚು, ನಿನ್ನ ಮೇಜಿನ ಮೇಲೆ 11 ಮಿ.ಮೀ.ಗಿಂತ ಕೂದಲೆಳೆಯಷ್ಟು ಹೆಚ್ಚು. ಕಿಟ್‌ನ ಬ್ಲೇಡುಗಳನ್ನು ಮೊದಲು ಈ ಎರಡು ಅಳತೆಗಳಿಗೆ ಹೋಲಿಸಿ ನೋಡು. ಆಮೇಲೆ ಚಿತ್ರದಲ್ಲಿ ಬ್ಲೇಡಿನ ಬುಡ ಸ್ಪಷ್ಟವಾಗಿ ಕಾಣುವಲ್ಲಿ, ಅದರ ಅಗಲವನ್ನೇ ಅಳತೆಗೋಲಾಗಿ ಇಟ್ಟುಕೊಂಡು ಪಕ್ಕದ ಸರಳುಗಳ ಉದ್ದವನ್ನೂ ದಪ್ಪವನ್ನೂ ಲೆಕ್ಕ ಹಾಕಬಹುದು. ಅಚ್ಚಿನಲ್ಲಿ ಎರಕವಾದ ಪ್ಲಾಸ್ಟಿಕ್ ಸರಳುಗಳು ಎಷ್ಟು ದಪ್ಪವೆಂಬುದು ಆಗ ತಿಳಿಯುತ್ತದೆ: ಒಂದು ಮಿ.ಮೀ. ದಪ್ಪದ ಸರಳು ನಿಜವಾದ ಹೆಲಿಕಾಪ್ಟರಿನಲ್ಲಿ 48 ಮಿ.ಮೀ. ಆಗುತ್ತದೆ. ಒಂದು ಇಂಚಿನ ಕೊಳವೆಗೆ ಅರ್ಧ ಮಿ.ಮೀ.ಯ ತಂತಿ ಸಾಕು. ತಾಮ್ರದ ತಂತಿಯನ್ನು ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ ಆರಲು ಬಿಟ್ಟರೆ ಮೆತ್ತಗಾಗುತ್ತದೆ. ಎರಡು ಗಾಜಿನ ತುಂಡುಗಳ ನಡುವೆ ಉರುಳಿಸಿದರೆ ಬಾಣದಷ್ಟು ನೆಟ್ಟಗಾಗುತ್ತದೆ.

ಎಂಜಿನ್ ಗೂಡಿನ ಬಾಗಿಲುಗಳನ್ನು ತೆರೆದಿಡಬೇಕೆಂಬ ನಿನ್ನ ಆಸೆ ನನಗೆ ಬಹಳ ಹಿಡಿಸಿತು. 1,400 ಅಶ್ವಶಕ್ತಿಯ ಟಿ53 ಎಂಜಿನ್ ಗೇರ್‌ಬಾಕ್ಸಿನ ಹಿಂದೆ ಮಲಗಿದೆ. ಬಾಲದ ರೋಟರಿಗೆ ಶಕ್ತಿ ಒಯ್ಯುವ ಶಾಫ್ಟ್ ಗೇರ್‌ಬಾಕ್ಸಿನಿಂದ ಹೊರಟು, ಎಂಜಿನ್ನಿನ ಅಡಿಯಲ್ಲಿ ಹಾದು, ಬಾಲದ ಬೆನ್ನ ಮೇಲೆ ಮುಚ್ಚಳದ ಕೆಳಗೆ ಸಾಗಿ, ಲಂಬ ರೆಕ್ಕೆಯ ಬುಡದಲ್ಲಿ 42 ಡಿಗ್ರಿಯ ಗೇರ್‌ಬಾಕ್ಸಿನಲ್ಲಿ ಮೇಲಕ್ಕೆ ತಿರುಗಿ, ತುದಿಯಲ್ಲಿ 90 ಡಿಗ್ರಿಯ ಗೇರ್‌ಬಾಕ್ಸನ್ನು ಸೇರುತ್ತದೆ. ಆ ಮುಚ್ಚಳದ ಒಂದು ತುಂಡನ್ನು ಕೊರೆದು ತೆಗೆದು, ಒಳಗೆ ಶಾಫ್ಟನ್ನೂ ಅದನ್ನು ಹೊತ್ತ ಬೇರಿಂಗಿನ ಆಧಾರವನ್ನೂ ತೋರಿಸಿದರೆ ಇಡೀ ಹೆಲಿಕಾಪ್ಟರಿನ ಶಕ್ತಿ ಹರಿಯುವ ದಾರಿ ನೋಡುವವರ ಕಣ್ಣಿಗೆ ಬೀಳುತ್ತದೆ. ಎಂಜಿನ್ನಿನ ಮೇಲಿನ ಕೊಳವೆಗಳಿಗೆ ಸೀಸದ ತಂತಿಯೇ ಒಳ್ಳೆಯದು, ಬಾಗಿಸಿದಲ್ಲಿ ಬಾಗಿ ನಿಲ್ಲುತ್ತದೆ. ಆದರೆ ಪ್ರತಿಯೊಂದಕ್ಕೂ ಎರಡೂ ತುದಿಯಲ್ಲಿ ಸೂಜಿಮೊನೆಯಷ್ಟು ತೂತು ಕೊರೆದು ಒಳಗೆ ಇಳಿಸು, ಮೇಲೆ ಸುಮ್ಮನೆ ಅಂಟಿಸಬೇಡ. ಸೀಸ ಮುಟ್ಟಿದ ಮೇಲೆ ಕೈ ತೊಳೆಯುವುದನ್ನು ಮರೆಯಬೇಡ.

ಕ್ಯಾಬಿನ್ನಿನಲ್ಲಿ ನನಗೆ ಅತ್ಯಂತ ಪ್ರೀತಿಯ ಕೆಲಸವೆಂದರೆ ಒಳಛಾವಣಿಗೂ ಹಿಂಗೋಡೆಗೂ ಹೊದಿಸಿರುವ, ಕೌದಿಯಂತೆ ಹೊಲಿದ ಶಬ್ದನಿರೋಧಕ ಹೊದಿಕೆ. ಕಿಟ್‌ನಲ್ಲಿ ಆ ಜಾಗ ಸಾಮಾನ್ಯವಾಗಿ ಬೋಳಾಗಿರುತ್ತದೆ, ಇಲ್ಲವೇ ನಾಲ್ಕು ಗೀರುಗಳಿರುತ್ತವೆ. ತೆಳುವಾದ ಸೀಸದ ಹಾಳೆಯೊಂದನ್ನು ಗೋಡೆಯ ಆಕಾರಕ್ಕೆ ಕತ್ತರಿಸಿ, ಮೆತ್ತನೆಯ ರಬ್ಬರಿನ ಮೇಲಿಟ್ಟು, ಮೊನೆ ಸವೆದ ಸೂಜಿಯಿಂದ ಹೊಲಿಗೆಯ ಗೆರೆಗಳನ್ನು ಒತ್ತಿ ಎಳೆ. ಮೊದಲ ಸಲ ಹಗುರವಾಗಿ, ಎರಡನೆಯ ಸಲ ಸ್ವಲ್ಪ ಆಳವಾಗಿ. ಆಮೇಲೆ ಹಾಳೆಯನ್ನು ಮಗುಚಿ, ಗುಂಡುತಲೆಯ ಗುಂಡುಸೂಜಿಯ ತಲೆಯಿಂದ ಪ್ರತಿ ಚೌಕದ ನಡುವನ್ನು ಮೆಲ್ಲನೆ ಅದುಮು. ಮತ್ತೆ ಮಗುಚಿದಾಗ ಚೌಕಗಳು ಹತ್ತಿ ತುಂಬಿದಂತೆ ಉಬ್ಬಿ, ನಡುವಿನ ಗೆರೆಗಳು ದಾರ ಬಿಗಿದಂತೆ ಕುಗ್ಗಿ ನಿಂತಿರುತ್ತವೆ. ಬೆನ್ನಿನ ತಗ್ಗುಗಳಿಗೆ ಪುಟ್ಟಿ ತುಂಬಿ ಒಣಗಿಸದಿದ್ದರೆ ಬೆರಳು ತಾಗಿದಲ್ಲೆಲ್ಲ ಉಬ್ಬು ಕುಸಿಯುತ್ತದೆ. ಬಣ್ಣ ಹಚ್ಚಿ, ನೀರಾಗಿಸಿದ ಗಾಢ ಬಣ್ಣವನ್ನು ಹೊಲಿಗೆಯ ಗೆರೆಗಳಿಗೆ ಹರಿಯಬಿಟ್ಟ ಆ ಗಳಿಗೆಯಲ್ಲಿ ಲೋಹ ಬಟ್ಟೆಯಾಗುವುದನ್ನು ನೀನೇ ನೋಡುತ್ತೀಯ.

ಸೈನಿಕರು ಕೂರುವ ಬಟ್ಟೆಯ ಆಸನಗಳಿಗೂ ಇದೇ ಹಾಳೆ, ಚೌಕಟ್ಟಿಗೆ ಅರ್ಧ ಮಿ.ಮೀ. ತಂತಿ. ಬಟ್ಟೆ ಸ್ವಲ್ಪ ಜೋತಿರಲಿ. ಎರಡು ಇಂಚಿನ ಬೆಲ್ಟ್ ಎಂದರೆ ನಿನಗೆ ಒಂದು ಮಿ.ಮೀ. ಅಗಲದ ಪಟ್ಟಿ. ಮೂಗಿನ ಕೆಳಗಿನ ಗಾಜಿನ ಮೂಲಕ ಪೈಲಟ್‌ಗಳ ಪೆಡಲುಗಳು ಚೆನ್ನಾಗಿ ಕಾಣುತ್ತವೆ, ಅವುಗಳ ಮೇಲೆ ಕಳೆದ ಸಮಯ ವ್ಯರ್ಥವಲ್ಲ. ಆಸನದ ಬೆನ್ನಿಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಏನೇ ಮಾಡಿದರೂ ಯಾರಿಗೂ ಕಾಣುವುದಿಲ್ಲ, ಅದನ್ನು ಬಿಟ್ಟುಬಿಡು. ಗುಂಡುಮೊಳೆಗಳ (ರಿವೆಟ್‌ಗಳ) ಬಗ್ಗೆ ನೀನು ಕೇಳಿದ್ದೀಯ: ಐದು ಮಿ.ಮೀ.ಯ ತಲೆ ಈ ಅಳತೆಯಲ್ಲಿ ಒಂದು ಮಿ.ಮೀ.ಯ ಹತ್ತನೆಯ ಒಂದು ಭಾಗ, ಸೂಜಿಯಿಂದ ಚುಚ್ಚಿದ ಗುರುತೇ ಅದಕ್ಕಿಂತ ದೊಡ್ಡದು. ನಾನಾದರೆ ಅವನ್ನು ಮುಟ್ಟುವುದಿಲ್ಲ.

ಗಾಜಿನ ಭಾಗಗಳ ಹತ್ತಿರ ಸೂಪರ್ ಗ್ಲೂ ಸುಳಿಯದಂತೆ ನೋಡಿಕೋ. ಕ್ಯಾಬಿನ್ನಿನ ಕೊನೆಯ ತಂತಿಯೊಂದನ್ನು ಅದರಿಂದ ಅಂಟಿಸಿ, ಹೊಗೆ ಆರುವ ಮೊದಲೇ ಒಡಲನ್ನು ಮುಚ್ಚಿದ್ದರಿಂದ ನನ್ನ ಎರಡನೆಯ ಹ್ಯೂಯಿಯ ಮುಂಗಾಜು ಒಳಗಿನಿಂದ ಮಂಜು ಕವಿದಂತಾಯಿತು. ಒಳಗಿದ್ದ ನಾಲ್ಕು ತಿಂಗಳ ಕೆಲಸ ಮಸುಕಾಗಿ ಹೋದದ್ದು ಇಂದಿಗೂ ನನಗೆ ನೋವಿನ ವಿಷಯ. ಗಾಜಿಗೆ ನೀರಿನಲ್ಲಿ ಕರಗುವ ಬಿಳಿ ಅಂಟು ಸಾಕು.

ಕೊನೆಯಲ್ಲಿ ರೋಟರನ್ನು ಕೂರಿಸುವಾಗ ಎರಡು ಬ್ಲೇಡುಗಳೂ ಏತದ ಹಾಗೆ ಒಟ್ಟಿಗೆ ತೂಗುತ್ತವೆ ಎಂಬುದು ನೆನಪಿರಲಿ. ನಿಂತ ಹೆಲಿಕಾಪ್ಟರಿನಲ್ಲಿ ಹಿಂದಿನ ಬ್ಲೇಡನ್ನು ಬಾಲಕ್ಕೆ ಕಟ್ಟಿ ಇಳಿಸಿದ್ದರೆ ಮುಂದಿನದು ಮೇಲೆದ್ದಿರಬೇಕು, ಹಬ್ಬೂ ಅದರೊಂದಿಗೆ ವಾಲಿರಬೇಕು, ಸನ್ನೆಕೋಲುಗಳ ಸರಳುಗಳೂ ಆ ವಾಲುವಿಕೆಗೆ ಹೊಂದಿಕೊಂಡಿರಬೇಕು. ಆದ್ದರಿಂದ ಯಾವ ಭಂಗಿ ಎಂಬುದನ್ನು ಸರಳುಗಳನ್ನು ಕತ್ತರಿಸುವ ಮೊದಲೇ ತೀರ್ಮಾನಿಸಿ ನನಗೆ ತಿಳಿಸು. ಒಡಲಿನ ಎರಡು ಹೋಳುಗಳನ್ನು ಕೂಡಿಸುವ ಮುನ್ನ, ಬಣ್ಣ ಹಚ್ಚದ ತಾಮ್ರವೂ ಸೀಸವೂ ಬಿಳಿ ಪ್ಲಾಸ್ಟಿಕ್ಕೂ ಬೇರೆಬೇರೆಯಾಗಿ ಕಾಣುತ್ತಿರುವಾಗಲೇ, ಒಳಗಿನ ಚಿತ್ರಗಳನ್ನು ತೆಗೆದು ಕಳಿಸು. ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ಗೆಳೆಯ