‘ಅವೇ ಎಂಡ್’ (ಹೊರಗಿನಿಂದ ಬರುವ ತಂಡದ ಅಭಿಮಾನಿಗಳು ಕೂರುವ ಭಾಗ) ಸೀಟ್ ಎಂದು ದುಡ್ಡು ಪಡೆದು ಎದುರಾಳಿ ತಂಡದವರ ನಡುವೆ ಕೂರಿಸಿದ್ದರ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಕ್ರೀಡಾ ಪ್ರವಾಸ ಸಂಸ್ಥೆ, ಬೆಂಗಳೂರು.

ವಿಷಯ: ಓಲ್ಡ್ ಟ್ರಾಫರ್ಡ್ (ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಸ್ಟೇಡಿಯಂ) ಪ್ಯಾಕೇಜ್‌ನ ಎರಡು ಟಿಕೆಟ್‌ಗಳ ಹಣ ವಾಪಸ್ ಮಾಡುವುದು, ಸುಳ್ಳು ಜಾಹೀರಾತು ತೆಗೆಯುವುದು.

ಮಾನ್ಯರೇ,

ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಲಿವರ್‌ಪೂಲ್ ನಡುವಿನ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಮ್ಯಾಚ್ ನೋಡಲು ನಾನು ಮತ್ತು ನನ್ನ 15 ವರ್ಷದ ಮಗಳು ನಿಮ್ಮ ಪ್ಯಾಕೇಜ್‌ನಲ್ಲಿ ಮ್ಯಾಂಚೆಸ್ಟರ್‌ಗೆ ಹೋಗಿದ್ದೆವು. ಮೊದಲ ಅರ್ಧವೂ ಮುಗಿಯುವ ಮುಂಚೆ ನಮ್ಮನ್ನು ಸ್ಟೇಡಿಯಂನಿಂದ ಹೊರಗೆ ಕಳಿಸಿದರು. ಕಳಿಸಿದವರದ್ದು ತಪ್ಪಿಲ್ಲ. ತಪ್ಪು ನಿಮ್ಮದು. ವಾಟ್ಸಾಪ್‌ನಲ್ಲಿ ನಿಮ್ಮವರು ನಾಲ್ಕು ಸಾಲು ಬರೆದು ಕೈತೊಳೆದುಕೊಂಡಿದ್ದಾರೆ. ಅದಕ್ಕೇ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ವಿಮಾನ, ಹೋಟೆಲ್ ಬಗ್ಗೆ ನನ್ನ ತಕರಾರಿಲ್ಲ. ಮ್ಯಾಚ್ ಶನಿವಾರದಿಂದ ಭಾನುವಾರಕ್ಕೆ ಹೋಯಿತು. ಟಿವಿ ಪ್ರಸಾರಕ್ಕೋಸ್ಕರ ಅಲ್ಲಿ ದಿನ ಬದಲಿಸುವುದು ಮಾಮೂಲಿ. ಅದನ್ನು ನಿಮ್ಮವರು ಸರಿಯಾಗಿಯೇ ನಿಭಾಯಿಸಿದರು. ನನ್ನ ದೂರು ಟಿಕೆಟ್‌ನದ್ದು ಮಾತ್ರ.

ನಾವು ಲಿವರ್‌ಪೂಲ್ ಅಭಿಮಾನಿಗಳು. 2005ರಲ್ಲಿ ಇಸ್ತಾನ್‌ಬುಲ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಮಿಲಾನ್ ಎದುರು ಮೊದಲ ಅರ್ಧಕ್ಕೇ 3-0 ಹಿಂದೆ ಬಿದ್ದ ತಂಡ ಕೊನೆಗೆ ಪೆನಾಲ್ಟಿಯಲ್ಲಿ ಗೆದ್ದಿತಲ್ಲ, ಅದನ್ನು ಇಲ್ಲಿ ನಡುರಾತ್ರಿ ಟಿವಿ ಮುಂದೆ ಕೂತು ನೋಡಿದವರಲ್ಲಿ ನಾನೂ ಒಬ್ಬ. ಮಗಳಿಗೆ ಈ ಹುಚ್ಚು ಹತ್ತಿಸಿದ್ದು ನಾನೇ. ಲಿವರ್‌ಪೂಲ್‌ನ ಸ್ವಂತ ಸ್ಟೇಡಿಯಂ ಆನ್‌ಫೀಲ್ಡ್‌ಗೆ ಹೋಗುವ ಪ್ಯಾಕೇಜೂ ನಿಮ್ಮಲ್ಲಿತ್ತು, ಅದಕ್ಕೆ ದುಡ್ಡೂ ಕಡಿಮೆ. ಆದರೂ ನಾವು ಓಲ್ಡ್ ಟ್ರಾಫರ್ಡ್ ಆರಿಸಿದೆವು. ನಿಮ್ಮ ಬ್ರೋಷರ್‌ನಲ್ಲಿ ದಪ್ಪ ಅಕ್ಷರದಲ್ಲಿ ‘ಅವೇ ಎಂಡ್ ಸೀಟ್ ಗ್ಯಾರಂಟಿ’ ಎಂದು ಅಚ್ಚಾಗಿತ್ತು. ನಾವು ದುಡ್ಡು ಕೊಟ್ಟಿದ್ದು ಆ ಸಾಲಿಗೆ.

ಅವೇ ಎಂಡ್ ಅಂದರೆ ಏನು ಅಂತ ನಿಮ್ಮ ಸಿಬ್ಬಂದಿಗೆ ಗೊತ್ತಿದೆಯೋ ಇಲ್ಲವೋ. ಓಲ್ಡ್ ಟ್ರಾಫರ್ಡ್‌ನಲ್ಲಿ ಸುಮಾರು 74,000 ಜನ ಕೂರುತ್ತಾರೆ. ಅದರಲ್ಲಿ ಹೊರಗಿನಿಂದ ಬರುವ ತಂಡದವರಿಗೆ ಸಿಗುವುದು 3,000 ಸೀಟು, ಒಂದು ಮೂಲೆಯಲ್ಲಿ. ಅಷ್ಟು ದೊಡ್ಡ ಸ್ಟೇಡಿಯಂನಲ್ಲಿ ಆ ಮೂಲೆಯವರು ಪೂರಾ ಮ್ಯಾಚ್ ನಿಂತೇ ಹಾಡುತ್ತಾರೆ. ಉಳಿದವರೆಲ್ಲ ಸೇರಿ ಅವರ ದನಿ ಅಡಗಿಸಲು ನೋಡುತ್ತಾರೆ. ಅದೂ ಈ ಎರಡು ತಂಡಗಳ ನಡುವೆ! ಲಿವರ್‌ಪೂಲ್ ಬಂದರಿನ ಖರ್ಚು ತಪ್ಪಿಸಿಕೊಳ್ಳಲು ಮ್ಯಾಂಚೆಸ್ಟರ್‌ನವರು ಸಮುದ್ರದಿಂದ ತಮ್ಮೂರಿಗೇ ಹಡಗು ಬರುವ ಕಾಲುವೆ ತೋಡಿಸಿಕೊಂಡರು. ಅದು ಹಡಗು ಸಂಚಾರಕ್ಕೆ ತೆರೆದಿದ್ದು 1894ರಲ್ಲಿ, ಸ್ಟೇಡಿಯಂನಿಂದ ಸ್ವಲ್ಪ ದೂರದಲ್ಲೇ ಇದೆ. ಆ ಊರುಗಳ ಪೈಪೋಟಿ ಆಟಕ್ಕೂ ಬಂತು. 2025ಕ್ಕೆ ಎರಡೂ ತಂಡಗಳು ತಲಾ 20 ಸಲ ಲೀಗ್ ಗೆದ್ದು ಸಮಸಮ ನಿಂತಿವೆ. ಇಂಥ ಮ್ಯಾಚ್‌ನಲ್ಲಿ ನಮ್ಮವರ ಜೊತೆ ನಿಂತು ಹಾಡಬೇಕು ಅನ್ನೋದು ಮಗಳ ಆಸೆ. ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು.

ಈಗ ನಡೆದದ್ದು ಕೇಳಿ. ಮ್ಯಾಚ್‌ಗೆ ಮೂರು ಗಂಟೆ ಮುಂಚೆ ನಿಮ್ಮ ಸ್ಥಳೀಯ ಏಜೆಂಟ್ ನಮ್ಮನ್ನು ಟ್ರಾಮ್ ಸ್ಟಾಪ್ ಹತ್ತಿರ ಕರೆಸಿಕೊಂಡ. ಟಿಕೆಟ್ ಕೊಡಲಿಲ್ಲ. ಎರಡು ಹಳೆಯ ಮೊಬೈಲ್ ಕೊಟ್ಟ. ಒಂದರ ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು. ಹಿಂದೆ ಬಿಳಿ ಪ್ಲಾಸ್ಟರ್ ಅಂಟಿಸಿ ಪಾಸ್‌ವರ್ಡ್ ಬರೆದಿದ್ದರು. ಟಿಕೆಟ್ ಬದಲು ಗೇಟಿನಲ್ಲಿ ತೋರಿಸಲು ಒಳಗಿದ್ದ ಡಿಜಿಟಲ್ ಪಾಸ್‌ನಲ್ಲಿ ಯಾವನೋ ಗಂಡಸಿನ ಹೆಸರು. ಮಗಳಿಗೆ ಕೊಟ್ಟ ಮೊಬೈಲ್‌ನಲ್ಲೂ ಹಾಗೇ. ಸ್ಟ್ಯಾಂಡ್ ಯಾವುದು ಅಂತ ನೋಡಿದರೆ ಸ್ಟ್ರೆಟ್‌ಫರ್ಡ್ ಎಂಡ್! ಯುನೈಟೆಡ್‌ನ ಕಟ್ಟಾ ಅಭಿಮಾನಿಗಳು ಕೂರುವ ಜಾಗ ಅದು. ಇದು ಅವೇ ಎಂಡ್ ಅಲ್ಲವಲ್ಲ ಅಂದೆ. ‘ಅವೇ ಟಿಕೆಟ್ ಸಿಗಲಿಲ್ಲ, ಇದು ಅದಕ್ಕಿಂತ ಒಳ್ಳೆಯ ಸೀಟು. ಸ್ಕಾರ್ಫ್ ಒಳಗೆ ಹಾಕ್ಕೊಳ್ಳಿ, ಯಾರ ಜೊತೆಗೂ ಮಾತಾಡಬೇಡಿ, ಗೋಲ್ ಆದರೂ ಸುಮ್ನೆ ಕೂತಿರಿ’ ಅಂದ. ಆಮೇಲೆ ಮೊಬೈಲ್‌ಗೆ ಡಿಪಾಸಿಟ್ ಅಂತ 200 ಪೌಂಡ್ ಇಸಿದುಕೊಂಡ. ರಸೀದಿ ಕೇಳಿದರೆ ಕೊಡಲಿಲ್ಲ. ನಿಮ್ಮ ಬೆಂಗಳೂರು ನಂಬರ್‌ಗೆ ಅಲ್ಲಿಂದಲೇ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ.

ಮಗಳು ತನ್ನ ಸ್ಕಾರ್ಫನ್ನು ಜಾಕೆಟ್ ಒಳಗೆ ತುರುಕಿ ಜಿಪ್ಪನ್ನು ಗದ್ದದ ತನಕ ಎಳೆದುಕೊಂಡಳು. ಟರ್ನ್‌ಸ್ಟೈಲ್‌ನಲ್ಲಿ, ಅಂದರೆ ಒಳಗೆ ಬಿಡುವ ಗೇಟಿನಲ್ಲಿ, ಆ ಒಡಕು ಮೊಬೈಲ್ ಹಿಡಿದಾಗ ಅವಳ ಕೈ ನಡುಗುತ್ತಿತ್ತು. ಹಸಿರು ದೀಪ ಬಂತು, ಒಳಗೆ ಹೋದೆವು. ಎದುರು ಮೂಲೆಯಲ್ಲಿ ನಮ್ಮವರು ಕಾಣುತ್ತಿದ್ದರು. ಅವರ ಹಾಡು ನಮ್ಮ ತನಕ ಕೇಳುತ್ತಿತ್ತು. ನನ್ನ ಮಗಳು ತುಟಿ ಬಿಗಿಹಿಡಿದು ಕೂತಿದ್ದಳು.

ಇಪ್ಪತ್ತೈದು ನಿಮಿಷ ಆಗಿರಬಹುದು. ಲಿವರ್‌ಪೂಲ್‌ನ ಒಂದು ಹೊಡೆತ ಗೋಲ್ ಕಂಬಕ್ಕೆ ಬಡಿದು ಹೊರಗೆ ಹೋಯಿತು. ಸುತ್ತ ಇದ್ದವರೆಲ್ಲ ಸದ್ಯ ಬಚಾವಾದೆವು ಅಂತ ಉಸಿರು ಬಿಟ್ಟರು. ಇವಳೊಬ್ಬಳು ಎದ್ದು ನಿಂತು ಎರಡೂ ಕೈ ತಲೆಯ ಮೇಲಿಟ್ಟು ‘ಅಯ್ಯೋ’ ಅಂದಳು. ಸ್ಕಾರ್ಫಿನ ತುದಿ ಹೊರಗೆ ಇಣುಕಿತು. ಹಿಂದಿನ ಸಾಲಿನವರು ನೋಡಿಬಿಟ್ಟರು. ಒಬ್ಬರು ಏರುದನಿಯಲ್ಲಿ ಬೈಯತೊಡಗಿದರು. ಇನ್ನಿಬ್ಬರು ಅವರ ಜೊತೆ ಸೇರಿದರು. ನಾನು ಮಗಳನ್ನು ನನ್ನ ಕಡೆಗೆ ಎಳೆದುಕೊಂಡೆ. ಅಷ್ಟರಲ್ಲಿ ಪ್ರೇಕ್ಷಕರನ್ನು ನೋಡಿಕೊಳ್ಳುವ ಸ್ಟೇಡಿಯಂ ಸಿಬ್ಬಂದಿ, ಇಬ್ಬರು ಸ್ಟೀವರ್ಡ್‌ಗಳು ಬಂದರು.

ಅವರು ಮರ್ಯಾದೆಯಿಂದಲೇ ನಡೆದುಕೊಂಡರು, ಅದನ್ನು ಹೇಳಲೇಬೇಕು. ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ, ಪಾಸ್‌ನಲ್ಲಿರುವ ಹೆಸರು ಯಾರದು ಅಂತ ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಹೋಮ್ ಸ್ಟ್ಯಾಂಡ್‌ನಲ್ಲಿ, ಅಂದರೆ ಆ ಸ್ಟೇಡಿಯಂನ ಸ್ವಂತ ತಂಡದವರ ಭಾಗದಲ್ಲಿ, ಎದುರಾಳಿ ತಂಡದವರು ಕೂರುವ ಹಾಗಿಲ್ಲ, ಅವೇ ಎಂಡ್‌ಗೆ ಕಳಿಸಲೂ ಆಗದು, ಅಲ್ಲಿ ಆಯಾ ಸೀಟಿನವರೇ ಇರುತ್ತಾರೆ ಅಂದರು. ನಿಮ್ಮ ಮಗಳ ಸುರಕ್ಷತೆಗೇ ಹೀಗೆ ಮಾಡುತ್ತಿದ್ದೇವೆ ಅಂತಲೂ ಹೇಳಿದರು. ನನಗೂ ಹಾಗೇ ಅನ್ನಿಸಿತು. ಹೊರಗೆ ಸರ್ ಮ್ಯಾಟ್ ಬಸ್ಬಿ ವೇ ರಸ್ತೆಯ ಬದಿಯಲ್ಲಿ ಕೂತೆವು. ಒಳಗಿಂದ ಕೂಗು ಎದ್ದಾಗಲೆಲ್ಲ ಯಾವ ತಂಡಕ್ಕೆ ಗೋಲ್ ಆಯಿತೋ ಅಂತ ಮಗಳು ತನ್ನ ಮೊಬೈಲ್ ನೋಡುತ್ತಿದ್ದಳು. ಏಳು ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರದಿಂದ ಹೋದವಳು, ಸ್ಟೇಡಿಯಂ ಗೋಡೆಯ ಪಕ್ಕದಲ್ಲಿ ಕೂತು ಮೊಬೈಲ್‌ನಲ್ಲಿ ಸ್ಕೋರ್ ನೋಡಬೇಕಾಯಿತು. ಮ್ಯಾಚ್ ಮುಗಿದ ಮೇಲೆ ಏಜೆಂಟ್ ಬಂದು ಮೊಬೈಲ್‌ಗಳನ್ನು ಕಿತ್ತುಕೊಂಡ. ನಿಮ್ಮಿಂದ ಪಾಸ್ ಬ್ಲಾಕ್ ಆಗುತ್ತೆ ಅಂತ ಹೇಳಿ ಡಿಪಾಸಿಟ್ ವಾಪಸ್ ಕೊಡಲಿಲ್ಲ.

ಊರಿಗೆ ಬಂದ ಮೇಲೆ ಇಲ್ಲಿನ ಅಭಿಮಾನಿ ಬಳಗದ ಹಳಬರನ್ನು ವಿಚಾರಿಸಿದೆ. ಪ್ರೀಮಿಯರ್ ಲೀಗ್‌ನಲ್ಲಿ ಅವೇ ಟಿಕೆಟ್‌ಗಳನ್ನು ಹೊರಗಿನ ತಂಡದ ಕ್ಲಬ್ಬೇ ತನ್ನ ಸೀಸನ್ ಟಿಕೆಟ್‌ನವರಿಗೆ, ಸದಸ್ಯರಿಗೆ ಹಂಚುತ್ತದೆ. ಹಿಂದೆ ಎಷ್ಟು ಅವೇ ಮ್ಯಾಚ್‌ಗೆ ಹೋಗಿದ್ದಾರೆ ಅನ್ನೋದನ್ನು ನೋಡಿ ಕೊಡುತ್ತದೆ. ಲಿವರ್‌ಪೂಲ್‌ನಲ್ಲೇ ಹುಟ್ಟಿ ಬೆಳೆದವರಿಗೂ ಈ ಟಿಕೆಟ್ ಸುಲಭಕ್ಕೆ ಸಿಗುವುದಿಲ್ಲ. ಬೆಲೆಯೋ, 2016-17ರ ಸೀಸನ್‌ನಿಂದ 30 ಪೌಂಡ್‌ಗಿಂತ ಜಾಸ್ತಿ ಇಡುವ ಹಾಗೇ ಇಲ್ಲ. ನಮ್ಮ ಲೆಕ್ಕದಲ್ಲಿ ಮೂರೂವರೆ ಸಾವಿರ ರೂಪಾಯಿ ಆಸುಪಾಸು. ನಿಮ್ಮ ಬಿಲ್‌ನಲ್ಲಿ ‘ಅವೇ ಎಂಡ್ ಟಿಕೆಟ್’ ಅಂತ ಒಬ್ಬೊಬ್ಬರಿಗೆ 68,000 ರೂಪಾಯಿ ಹಾಕಿದ್ದೀರಿ. ಅಂದರೆ ನಿಮ್ಮ ಕೈಯಲ್ಲಿ ಇಲ್ಲದ, ಯಾವ ಪ್ರವಾಸ ಸಂಸ್ಥೆಯೂ ಗ್ಯಾರಂಟಿ ಕೊಡಲಾಗದ ಸೀಟಿಗೆ ಗ್ಯಾರಂಟಿ ಕೊಟ್ಟು ದುಡ್ಡು ಪಡೆದಿದ್ದೀರಿ. ಗ್ರಾಹಕನಿಗೆ ಈ ಒಳಮರ್ಮವೆಲ್ಲ ಗೊತ್ತಿರಬೇಕಿಲ್ಲ. ಮಾರುವವರಿಗೆ ಗೊತ್ತಿರಲೇಬೇಕು ಅಲ್ವಾ?

ಇನ್ನೊಂದು ವಿಷಯ ಇದಕ್ಕಿಂತ ಗಂಭೀರ. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಟಿಕೆಟ್‌ಗಳನ್ನು ಅನುಮತಿ ಇಲ್ಲದೆ ಮಾರುವುದು ಅಪರಾಧ. 1994ರ ಕ್ರಿಮಿನಲ್ ಜಸ್ಟಿಸ್ ಅಂಡ್ ಪಬ್ಲಿಕ್ ಆರ್ಡರ್ ಆಕ್ಟ್‌ನ 166ನೇ ಸೆಕ್ಷನ್ ನೋಡಿ. ಸಂಗೀತ ಕಛೇರಿಯ ಟಿಕೆಟ್‌ಗೆ ಇಲ್ಲದ ಕಟ್ಟುನಿಟ್ಟು ಫುಟ್‌ಬಾಲ್‌ಗೆ ಯಾಕೆ? ಯಾರು ಎಲ್ಲಿ ಕೂರುತ್ತಾರೆ ಅನ್ನೋದು ಅಲ್ಲಿ ಪ್ರಾಣದ ಪ್ರಶ್ನೆ. 1985ರ ಮೇ 29ರಂದು ಬ್ರಸೆಲ್ಸ್‌ನ ಹೇಸೆಲ್ ಸ್ಟೇಡಿಯಂನಲ್ಲಿ ಲಿವರ್‌ಪೂಲ್ ಮತ್ತು ಯುವೆಂಟಸ್ ನಡುವೆ ಯುರೋಪಿಯನ್ ಕಪ್ ಫೈನಲ್ ಇತ್ತು. ಝಡ್ ಬ್ಲಾಕ್ ಎರಡೂ ಕಡೆಯವರಲ್ಲದ ಬೆಲ್ಜಿಯಂನ ಪ್ರೇಕ್ಷಕರಿಗೆ ಅಂತ ಇಟ್ಟಿದ್ದ ಜಾಗ. ಆ ಟಿಕೆಟ್‌ಗಳು ದಲ್ಲಾಳಿಗಳ, ಏಜೆನ್ಸಿಗಳ ಕೈಗೆ ಹೋಗಿ ಯುವೆಂಟಸ್ ಅಭಿಮಾನಿಗಳಿಗೆ ಸೇರಿದವು. ಪಕ್ಕದಲ್ಲೇ ಲಿವರ್‌ಪೂಲ್‌ನವರು. ನಡುವೆ ಒಂದು ತೆಳು ತಂತಿ ಬೇಲಿ. ನಮ್ಮ ತಂಡದವರೇ ಬೇಲಿ ಮುರಿದು ನುಗ್ಗಿದರು. ಜನ ಗೋಡೆಯ ಕಡೆ ಓಡಿದರು, ಗೋಡೆ ಕುಸಿಯಿತು. 39 ಜನ ಸತ್ತರು. ನುಗ್ಗಿದವರ ಪಾಪ ನುಗ್ಗಿದವರದ್ದೇ. ಲಿವರ್‌ಪೂಲ್ ಅಭಿಮಾನಿಗಳಾದ ನಾವು ಅದನ್ನು ಮರೆಯುವ ಹಾಗಿಲ್ಲ. ಆದರೆ ದುಡ್ಡಿನಾಸೆಗೆ ತಪ್ಪು ಜಾಗದ ಟಿಕೆಟ್ ಮಾರಿದವರೂ ಆ ಕಥೆಯಲ್ಲಿದ್ದಾರೆ. ನಾಲ್ಕು ವರ್ಷದ ನಂತರ ಇಂಗ್ಲೆಂಡಿನ ಹಿಲ್ಸ್‌ಬರೋ ಸ್ಟೇಡಿಯಂನ ನೂಕುನುಗ್ಗಲಿನಲ್ಲಿ, ಬೇರೆ ಕಾರಣಕ್ಕೆ, ನಮ್ಮವರೇ 97 ಜನ ಸತ್ತರು. ಅದರ ತನಿಖೆ ನಡೆಸಿದ ನ್ಯಾಯಮೂರ್ತಿ ಟೇಲರ್ 1990ರ ವರದಿಯಲ್ಲಿ ಕಾಳಸಂತೆಯ ಟಿಕೆಟ್ ಮಾರಾಟವನ್ನು ಅಪರಾಧ ಮಾಡಿ ಅಂತಲೂ ಶಿಫಾರಸು ಮಾಡಿದ್ದರು. ಈ ಕಾನೂನಿನ ಹಿಂದೆ ಇಷ್ಟೆಲ್ಲ ಇದೆ. ನೀವು ಅದನ್ನು ಮೀರಿ ನನ್ನ ಮಗಳನ್ನು ಆ ಸ್ಟ್ಯಾಂಡ್‌ನಲ್ಲಿ ಕೂರಿಸಿದಿರಿ.

‘ಷರತ್ತು 14ರ ಪ್ರಕಾರ ಸೀಟಿನ ವರ್ಗ ಬದಲಾಗಬಹುದು, ಮತ್ತು ನಿಮ್ಮ ಮಗಳು ಸಂಯಮದಿಂದ ಇರಬೇಕಿತ್ತು’ ಎಂದು ನಿಮ್ಮವರು ವಾಟ್ಸಾಪ್‌ನಲ್ಲಿ ಬರೆದಿದ್ದಾರೆ. ಕೆಳಗಿನ ಸಾಲಿನ ಬದಲು ಮೇಲಿನ ಸಾಲು ಕೊಟ್ಟರೆ ಅದು ವರ್ಗ ಬದಲಾವಣೆ, ಒಪ್ಪುತ್ತೇನೆ. ಸೀಟನ್ನು ಎದುರಾಳಿಗಳ ನಡುವೆ ಕೊಡುವುದು ಯಾವ ಷರತ್ತಿಗೂ ಬರುವುದಿಲ್ಲ. ಇನ್ನು ಸಂಯಮದ ಮಾತು. ತನ್ನ ತಂಡದ ಮ್ಯಾಚ್ ನೋಡಲು ಹೋದ ಹುಡುಗಿ ಉಸಿರೆತ್ತದೆ ಕೂರಬೇಕಿತ್ತು ಅಂತ ಬರೆಯಲು ನಿಮಗೆ ಮನಸ್ಸಾದರೂ ಹೇಗೆ ಬಂತು? ಆ ಸಾಲನ್ನು ಬರೆದವರು ಅವಳ ಹತ್ತಿರ ಕ್ಷಮೆ ಕೇಳಬೇಕು. ಪತ್ರದಲ್ಲಿ, ಅವಳ ಹೆಸರಿಗೆ.

ಎರಡು ಟಿಕೆಟ್‌ಗಳ 1,36,000 ರೂಪಾಯಿ ಮತ್ತು ನಿಮ್ಮ ಏಜೆಂಟ್ ಇಟ್ಟುಕೊಂಡ 200 ಪೌಂಡ್ ನನಗೆ ವಾಪಸ್ ಬರಬೇಕು. ಮುಂದಿನ ಪ್ರವಾಸಕ್ಕೆ ರಿಯಾಯಿತಿ ಕೂಪನ್ ಕೊಡುತ್ತೇವೆ ಅಂದಿದ್ದೀರಿ, ಅದು ಬೇಡ. ಬ್ರೋಷರ್‌ನಿಂದ ‘ಅವೇ ಎಂಡ್ ಗ್ಯಾರಂಟಿ’ ಅನ್ನೋ ಸಾಲನ್ನು ಇವತ್ತೇ ತೆಗೆಯಿರಿ. ಅದೇ ಸಾಲು ನಂಬಿ ಮುಂದಿನ ತಿಂಗಳ ಪ್ರವಾಸಕ್ಕೆ ಈಗಾಗಲೇ ದುಡ್ಡು ಕಟ್ಟಿರುವವರಿಗೆ, ಹೊರಡುವ ಮುಂಚೆಯೇ ನಿಜ ತಿಳಿಸಿ, ಬೇಡ ಅಂದವರಿಗೆ ಹಣ ಹಿಂತಿರುಗಿಸಿ. ಅವರಲ್ಲೂ ಮಕ್ಕಳನ್ನು ಕರೆದುಕೊಂಡು ಹೋಗುವವರು ಇರುತ್ತಾರೆ. ಕ್ಲಬ್‌ಗಳೇ ಅಧಿಕೃತವಾಗಿ ಮಾರುವ, ಊಟ-ಉಪಚಾರವೂ ಸೇರಿದ ಹಾಸ್ಪಿಟಾಲಿಟಿ ಟಿಕೆಟ್‌ಗಳಿವೆ. ಅವು ಹೋಮ್ ಕಡೆಯವು ಅಂತ ಸ್ಪಷ್ಟವಾಗಿ ಹೇಳಿ ಮಾರಿದರೆ ಯಾರದ್ದೂ ತಕರಾರಿರುವುದಿಲ್ಲ.

ಈ ಪತ್ರ ತಲುಪಿದ 15 ದಿನದೊಳಗೆ ಉತ್ತರ ಕೊಡಿ. ಇಲ್ಲದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ದಾರಿ ತಪ್ಪಿಸುವ ಜಾಹೀರಾತು ಮತ್ತು ಸೇವಾ ಲೋಪದ ಬಗ್ಗೆ ಬೆಂಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 1915 ನಂಬರಿನ ಗ್ರಾಹಕ ಸಹಾಯವಾಣಿಯಲ್ಲಿ ಈಗಾಗಲೇ ದೂರು ದಾಖಲಿಸಿದ್ದೇನೆ. ಬ್ರೋಷರ್, ಬಿಲ್, ವಾಟ್ಸಾಪ್ ಮಾತುಕತೆ, ಆ ಎರಡು ಮೊಬೈಲ್‌ಗಳ ಫೋಟೋ ಇದರ ಜೊತೆಗಿವೆ. ಫೋನ್ ಮಾಡಿ ಮಾತಾಡೋಣ ಅನ್ನಬೇಡಿ. ಏನೇ ಹೇಳುವುದಿದ್ದರೂ ಬರವಣಿಗೆಯಲ್ಲೇ ತಿಳಿಸಿ.

ಇಂತಿ,
ನಿಮ್ಮ ಗ್ರಾಹಕ,
ಬಸವನಗುಡಿ, ಬೆಂಗಳೂರು