ಸಂಬಳ ನಿಂತರೂ ನಿಲ್ಲದ ನೌಕರಿ: ತಮ್ಮನ ಮಗನಿಗೊಂದು ಪತ್ರ

ಮೇರಿಲ್ಯಾಂಡ್

ಚಿರಂಜೀವಿ ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಅಮೆರಿಕದ ವಿಮಾನ ನಿಲ್ದಾಣಗಳ ಭದ್ರತಾ ಸಂಸ್ಥೆಯಾದ ಟಿಎಸ್‌ಎಗೆ ಸೇರಿದ ಸುದ್ದಿಯನ್ನು ನಿನ್ನ ತಂದೆ ಮೈಸೂರಿನಿಂದ ಫೋನ್ ಮಾಡಿ ತಿಳಿಸಿದ. ಬಹಳ ಸಂತೋಷವಾಯಿತು. ಆದರೆ "ಸರ್ಕಾರಿ ಕೆಲಸ, ಅದೂ ಭದ್ರತಾ ಇಲಾಖೆ, ಇನ್ನು ಸಂಬಳದ ಚಿಂತೆಯಿಲ್ಲ" ಎಂದು ಅವನು ನೆಮ್ಮದಿಯ ನಿಟ್ಟುಸಿರು ಬಿಟ್ಟದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಈ ದೇಶದ ಸರ್ಕಾರಿ ಸೇವೆಯಲ್ಲೇ ನಿವೃತ್ತನಾದವನ ಮಾತೆಂದು ತಿಳಿ: ಕೆಲಸ ಅತ್ಯಗತ್ಯವೆಂದ ಮಾತ್ರಕ್ಕೆ ಅದಕ್ಕೆ ಹಣ ಮಂಜೂರಾಗಿದೆ ಎಂದು ಇಲ್ಲಿ ಭಾವಿಸುವಂತಿಲ್ಲ.

ಸರ್ಕಾರವೊಂದು ಬಾಗಿಲು ಹಾಕುವುದೆಂದರೇನು, ಇಲ್ಲಿಯವರು ಶಟ್‌ಡೌನ್ ಎನ್ನುವುದೇನು ಎಂದು ನಿನ್ನ ತಂದೆ ಕೇಳಿದ. ನಮ್ಮಲ್ಲಿ ಬಜೆಟ್ ತಡವಾದರೆ ಸರ್ಕಾರ ಸಂಸತ್ತಿನಿಂದ ಲೇಖಾನುದಾನ ಪಡೆದು ಕೆಲಸ ಸಾಗಿಸುತ್ತದೆ. ಲೋಕಸಭೆಯಲ್ಲಿ ಬಜೆಟ್ಟೇ ಸೋತರೆ ಸರ್ಕಾರವೇ ಉರುಳುತ್ತದೆ. ಅಮೆರಿಕದಲ್ಲಿ ಅಧ್ಯಕ್ಷರೂ ಇಲ್ಲಿನ ಸಂಸತ್ತಾದ ಕಾಂಗ್ರೆಸ್ಸೂ ಬೇರೆಬೇರೆಯಾಗಿ ಆರಿಸಿಬಂದವರಾದ್ದರಿಂದ ಹಗ್ಗಜಗ್ಗಾಟದಲ್ಲಿ ಯಾರೂ ಬೀಳುವುದಿಲ್ಲ, ಹಣ ಮಾತ್ರ ನಿಲ್ಲುತ್ತದೆ. ಶಾಸನದ ಮಂಜೂರಾತಿಯಿಲ್ಲದೆ ಬೊಕ್ಕಸದಿಂದ ಹಣ ತೆಗೆಯಬಾರದೆಂಬುದು ಸಂವಿಧಾನದ ಮಾತು. ಅಕ್ಟೋಬರ್ 1ರೊಳಗೆ 12 ಧನವಿನಿಯೋಗ ಮಸೂದೆಗಳು ಅಥವಾ ತಾತ್ಕಾಲಿಕ ಮಂಜೂರಾತಿ ಅಂಗೀಕಾರವಾಗದಿದ್ದರೆ, ಹಣವಿಲ್ಲದ ಇಲಾಖೆಗಳ ನೌಕರರು ಮನೆಗೆ ಹೋಗಬೇಕು; ಜನರ ಪ್ರಾಣ ಮತ್ತು ಆಸ್ತಿಯನ್ನು ಕಾಯುವವರು ಮಾತ್ರ ಸಂಬಳವಿಲ್ಲದೆ ದುಡಿಯಬೇಕು. ಈ ಕಟ್ಟುನಿಟ್ಟು ಅಷ್ಟೇನೂ ಹಳೆಯದಲ್ಲ, 1980 ಮತ್ತು 81ರಲ್ಲಿ ಅಟಾರ್ನಿ ಜನರಲ್ ಸಿವಿಲೆಟ್ಟಿ ಕೊಟ್ಟ ಅಭಿಪ್ರಾಯಗಳಿಂದ ಬಂದದ್ದು. ಟಿಎಸ್‌ಎ ಸೇರಿರುವ ನಿನ್ನ ಹೋಮ್‌ಲ್ಯಾಂಡ್ ಸೆಕ್ಯುರಿಟಿ (ಆಂತರಿಕ ಭದ್ರತಾ) ಇಲಾಖೆಯ ಬಹುಪಾಲು ಮಂದಿ ಈ ಎರಡನೆಯ ಗುಂಪಿನವರು.

ನಿನಗೆ ವಿಚಿತ್ರವೆನಿಸುವ ಒಂದು ಸಂಗತಿ ಇದೆ. ಮುಂದಿನ ಸಲ ವಿಮಾನದ ಟಿಕೆಟ್ ಕೊಂಡಾಗ ದರದ ವಿವರ ನೋಡು. ಒಂದು ಬದಿಯ ಪ್ರಯಾಣಕ್ಕೆ 5 ಡಾಲರ್ 60 ಸೆಂಟ್ ಭದ್ರತಾ ಶುಲ್ಕವೆಂದು ಪ್ರತ್ಯೇಕವಾಗಿ ಬರೆದಿರುತ್ತದೆ. ಶಟ್‌ಡೌನ್ ನಡೆಯುತ್ತಿದ್ದಾಗಲೂ ಪ್ರಯಾಣಿಕನು ಅದನ್ನು ಕಟ್ಟುತ್ತಲೇ ಇರುತ್ತಾನೆ, ಅವನ ಚೀಲವನ್ನು ತಪಾಸಣೆ ಮಾಡುವ ನಿನಗೆ ಮಾತ್ರ ಸಂಬಳ ಬರುವುದಿಲ್ಲ. ಆ ಶುಲ್ಕದ ಒಂದು ಭಾಗವನ್ನು 2013ರ ಕಾಯಿದೆ ವಿತ್ತೀಯ ಕೊರತೆ ತುಂಬುವ ಕಡೆಗೆ ತಿರುಗಿಸಿದೆ. ಉಳಿದದ್ದನ್ನು ಖರ್ಚುಮಾಡಲು ಕಾಂಗ್ರೆಸ್ಸಿನ ಅಪ್ಪಣೆ ಬೇಕು.

2018ರ ಡಿಸೆಂಬರಿನಲ್ಲಿ ಆರಂಭವಾದ ಶಟ್‌ಡೌನ್ 35 ದಿನ ನಡೆಯಿತು. ರಕ್ಷಣಾ ಇಲಾಖೆಯ ಮಸೂದೆ ಮೊದಲೇ ಅಂಗೀಕಾರವಾಗಿದ್ದುದರಿಂದ ಸೈನಿಕರಿಗೆ ಸಂಬಳ ಬಂತು; ಅವರಂತೆಯೇ ಸಮವಸ್ತ್ರ ತೊಟ್ಟ ಕೋಸ್ಟ್ ಗಾರ್ಡ್ ಸಿಬ್ಬಂದಿಗೆ, ಅವರು ನಿನ್ನ ಇಲಾಖೆಗೆ ಸೇರಿದ ಒಂದೇ ಕಾರಣಕ್ಕೆ, ಬರಲಿಲ್ಲ. ಜನವರಿ 20ರಂದು ಟಿಎಸ್‌ಎಯ ಹತ್ತು ಮಂದಿಯಲ್ಲಿ ಒಬ್ಬರು ಕೆಲಸಕ್ಕೆ ಗೈರಾಗಿದ್ದರು. ಪೆಟ್ರೋಲಿಗೂ ಮಕ್ಕಳನ್ನು ನೋಡಿಕೊಳ್ಳುವವರಿಗೂ ಕೊಡಲು ಕಾಸಿಲ್ಲದೆ ಮನೆಯಲ್ಲೇ ಉಳಿದವರನ್ನು ನಾನು ದೂರಲಾರೆ. 2025ರಲ್ಲಿ ಅದಕ್ಕಿಂತಲೂ ದೀರ್ಘವಾಗಿ, 43 ದಿನ ಎಳೆಯಿತು. ಆಗ ಸೈನಿಕರಿಗೆ ಸಂಶೋಧನೆಗೆಂದು ಇಟ್ಟಿದ್ದ ಹಣದಿಂದ ಸಂಬಳ ಹೊಂದಿಸಿದರು. ಅದೇ ವರ್ಷದ ಜುಲೈ ಕಾಯಿದೆಯಲ್ಲಿ ಹಲವು ವರ್ಷಗಳಿಗೆಂದು ಭಾರಿ ಮೊತ್ತ ಪಡೆದಿದ್ದ ವಲಸೆ ವಿಭಾಗದ ಅಧಿಕಾರಿಗಳಿಗೂ ಸಂಬಳ ಸಿಕ್ಕಿತು. ತಪಾಸಣೆಯ ಕೆಲಸಕ್ಕೆ ನಿಂತ ನಿನ್ನಂಥವರು ಬರಿಗೈಯಲ್ಲಿ ಉಳಿದರು.

ಭದ್ರತಾ ಸಂಸ್ಥೆಗಳನ್ನು ಈ ಜಗಳದಿಂದ ಶಾಶ್ವತವಾಗಿ ಹೊರಗಿಡಬೇಕೆಂದು ನಿನ್ನ ಸಹೋದ್ಯೋಗಿಗಳು ವಾದಿಸುತ್ತಾರೆ. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ. ಕೆಲಸಕ್ಕೆ ಬರಲೇಬೇಕೆಂದು ಆಜ್ಞೆಯಾದವರಿಗೆ, ಅವರು ಯಾವ ಇಲಾಖೆಯವರೇ ಆಗಿರಲಿ, ಸಂಬಳವಷ್ಟಾದರೂ ತಾನಾಗಿ ಬರುವಂತೆ ಕಾಯಿದೆ ಇರಬೇಕು. ಆದರೆ ಬಂದೂಕು ಹಿಡಿದ ಸಂಸ್ಥೆಯೊಂದಕ್ಕೆ ವರ್ಷಾನುಗಟ್ಟಲೆಯ ಹಣವನ್ನು ಮೊದಲೇ ಕೊಟ್ಟುಬಿಟ್ಟರೆ, ಅದನ್ನು ಪ್ರತಿವರ್ಷ ಕರೆದು ಲೆಕ್ಕ ಕೇಳುವ ಹಿಡಿತವನ್ನು ಜನಪ್ರತಿನಿಧಿಗಳೇ ಬಿಟ್ಟುಕೊಟ್ಟಂತೆ. ಯಾರಿಗೆ ಸಂಬಳ ಕೊಡಬೇಕು, ಯಾರಿಗೆ ಬೇಡ ಎಂದು ಆಡಳಿತವೇ ಆರಿಸುವುದಂತೂ ಇನ್ನೂ ಅಪಾಯದ್ದು. ನಿನ್ನ ಅಭಿಪ್ರಾಯ ಬೇರೆಯಿದ್ದರೂ ಸರಿಯೇ. ಸಮವಸ್ತ್ರದಲ್ಲಿ ನಿಂತು ಪಕ್ಷದ ಮಾತನಾಡಬೇಡ, ಅದಕ್ಕೆ ಹ್ಯಾಚ್ ಕಾಯಿದೆಯ ಅಡ್ಡಿಯಿದೆ. ಮುಷ್ಕರದ ಮಾತೂ ಬೇಡ. 1981ರಲ್ಲಿ ಮುಷ್ಕರ ಹೂಡಿದ 11,000ಕ್ಕೂ ಹೆಚ್ಚು ವಿಮಾನ ಸಂಚಾರ ನಿಯಂತ್ರಕರನ್ನು ಅಧ್ಯಕ್ಷ ರೇಗನ್ನರು ಕೆಲಸದಿಂದ ವಜಾ ಮಾಡಿದ್ದನ್ನು ಇಲ್ಲಿಯವರು ಮರೆತಿಲ್ಲ.

ಮನೆಯ ಲೆಕ್ಕಕ್ಕೆ ಬರೋಣ. ಶಟ್‌ಡೌನ್ ಬಂದರೆ ಮೊದಲ ಸಂಬಳದಲ್ಲಿ ಹಿಂದಿನ ಕೆಲವು ದಿನಗಳದ್ದು ಸೇರಿ ಅರೆಬರೆ ಬರುತ್ತದೆ; ಪೆಟ್ಟು ಬೀಳುವುದು ಎರಡನೆಯದರಿಂದ. ದುಡಿದ ದಿನಗಳ ಬಾಕಿ 2019ರ ಕಾಯಿದೆಯಂತೆ ಬಂದೇ ಬರುತ್ತದೆ, ಯಾವಾಗ ಎಂಬುದು ಮಾತ್ರ ಕಾಂಗ್ರೆಸ್ಸಿನ ಕೈಯಲ್ಲಿ. ಆದ್ದರಿಂದ ಎರಡು ತಿಂಗಳ ಖರ್ಚನ್ನು ಮುಟ್ಟದಂತೆ ಬೇರೆ ಖಾತೆಯಲ್ಲಿಡು. ನಿವೃತ್ತಿ ನಿಧಿಯಿಂದ ಸಾಲ ತೆಗೆಯಬೇಡ. ಕಂತು ತಪ್ಪುವಂತಿದ್ದರೆ ಗಡುವಿಗೆ ಮೊದಲೇ ಬ್ಯಾಂಕಿಗೆ ಬರೆ. ಸುಸ್ತಿಯಾದ ಮೇಲೆ ಬರೆದರೆ ಅವರು ಅಷ್ಟಾಗಿ ಕೇಳುವುದಿಲ್ಲ, ಮೇಲಾಗಿ ಭದ್ರತಾ ನೌಕರನ ಹಿನ್ನೆಲೆ ಪರಿಶೀಲನೆಯಲ್ಲಿ ತೀರಿಸದ ಸಾಲವನ್ನೂ ನೋಡುತ್ತಾರೆ. ಪ್ರತಿವರ್ಷ ಸೆಪ್ಟೆಂಬರ್ ಮೂರನೆಯ ವಾರದ ಹೊತ್ತಿಗೂ ತಾತ್ಕಾಲಿಕ ಮಂಜೂರಾತಿಯ ಸುಳಿವಿಲ್ಲದಿದ್ದರೆ ನನಗೊಂದು ಫೋನ್ ಮಾಡು. ಬಾಡಿಗೆಗೆ ಕಷ್ಟವಾದಲ್ಲಿ ಸಂಕೋಚ ಬಿಟ್ಟು ಕೇಳು. ಕ್ರೆಡಿಟ್ ಕಾರ್ಡಿನ ಬಡ್ಡಿಗಿಂತ ದೊಡ್ಡಪ್ಪನ ಸಾಲವೇ ವಾಸಿ.

ಇಂತಿ ನಿನ್ನ,
ದೊಡ್ಡಪ್ಪ