ಅತಿಥಿ ಶಿಕ್ಷಕರಿಗೆ ಕಲಿಸುತ್ತಲೇ ಅರ್ಹತೆ ಪಡೆಯುವ ದಾರಿ ಬೇಕು

ಮಾನ್ಯ ಸಂಪಾದಕರೇ,

ರಾಯಚೂರು ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಮೂವತ್ತು ವರ್ಷ ಪಾಠ ಮಾಡಿ ಮುಖ್ಯಗುರುವಾಗಿ ನಿವೃತ್ತನಾದವನು ನಾನು. ಜೂನ್ ಬಂದರೆ ಖಾಲಿ ಹುದ್ದೆಗಳಿಗೆ ಅತಿಥಿ ಶಿಕ್ಷಕರನ್ನು ಹುಡುಕುವುದೇ ನಮಗೆ ಮೊದಲ ಕೆಲಸವಾಗುತ್ತಿತ್ತು. ತರಬೇತಿ ಪಡೆದವರು ಬಸ್ಸು ಸರಿಯಾಗಿಲ್ಲದ ಊರಿಗೆ ಬರಲು ಒಪ್ಪದಿದ್ದಾಗ, ಬರೀ ಪದವಿ ಮುಗಿಸಿದ ಊರಿನ ಹುಡುಗ ಹುಡುಗಿಯರನ್ನೇ ಕರೆದು ತರಗತಿ ಒಪ್ಪಿಸಿದ್ದೇವೆ.

ಹಾಗೆ ಬಂದ ಒಬ್ಬ ಹೆಣ್ಣುಮಗಳು ಬಿ.ಎಸ್ಸಿ. ಓದಿದ್ದಳು. ಒಂದು ದಿನ ಆರನೇ ತರಗತಿಯಲ್ಲಿ ಹುಡುಗನೊಬ್ಬ ಅರ್ಧಕ್ಕೆ ಮೂರರಲ್ಲೊಂದು ಭಾಗವನ್ನು ಕೂಡಿಸಿ ಐದರಲ್ಲೆರಡು ಎಂದು ಹಲಗೆಯ ಮೇಲೆ ಬರೆದ. ಆಕೆ ಅದನ್ನು ಅಳಿಸಿ ಸರಿಯಾದ ಉತ್ತರ ಬರೆದಳು. ಆದರೆ ತನ್ನದು ಯಾಕೆ ತಪ್ಪು ಎಂದು ಹುಡುಗ ಕೇಳಿದಾಗ ಹೇಗೆ ಹೇಳಬೇಕೆಂದು ತೋಚದೆ ಸುಮ್ಮನೆ ನಿಂತಳು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನಾನು ಜೋಳದ ರೊಟ್ಟಿಯೊಂದನ್ನು ಅರ್ಧ ಮುರಿದು, ಐದರಲ್ಲೆರಡು ಭಾಗ ಈ ಅರ್ಧಕ್ಕಿಂತಲೂ ಕಡಿಮೆಯಲ್ಲವೇ, ಕೂಡಿಸಿದ ಮೇಲೆ ರೊಟ್ಟಿ ಕಡಿಮೆಯಾಗುವುದುಂಟೇ ಎಂದು ಕೇಳಿದೆ. ಮರುದಿನ ಆಕೆ ಮನೆಯಿಂದ ನಾಲ್ಕು ರೊಟ್ಟಿ ತಂದು ಇಡೀ ತರಗತಿಗೆ ಮುರಿದು ತೋರಿಸಿದಳು. ಲೆಕ್ಕ ಗೊತ್ತಿರುವುದು ಬೇರೆ, ಮಗುವಿಗೆ ಎಲ್ಲಿ ತೊಡಕಾಗಿದೆ ಎಂಬುದು ಗೊತ್ತಾಗುವುದು ಬೇರೆ. ತರಬೇತಿಯಿಂದ ಬರಬೇಕಾದದ್ದು ಈ ಎರಡನೆಯದು.

ಆ ತರಬೇತಿ ಆಕೆಗೆ ಸಿಗಲೇ ಇಲ್ಲ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳ ಪ್ರಕಾರ ಬಿ.ಇಡಿ. ಎರಡು ವರ್ಷದ್ದಾಯಿತು. ಕಾಲೇಜಿಗೆ ಸೇರಬೇಕೆಂದರೆ ಶಾಲೆ ಬಿಡಬೇಕು, ಶಾಲೆ ಬಿಟ್ಟರೆ ಮನೆಗೆ ಬರುವ ಗೌರವಧನವೂ ನಿಲ್ಲುತ್ತದೆ. ದೂರಶಿಕ್ಷಣದ ಬಿ.ಇಡಿ.ಗೆ ಪ್ರಾಥಮಿಕ ಶಿಕ್ಷಕರ ತರಬೇತಿ ಮೊದಲೇ ಆಗಿರಬೇಕು. ಡಿ.ಇಡಿ. ಅಥವಾ ಬಿ.ಇಡಿ. ಓದದವರು ಶಿಕ್ಷಕರ ಅರ್ಹತಾ ಪರೀಕ್ಷೆಗೆ (ಟಿಇಟಿ) ಅರ್ಜಿಯನ್ನೂ ಹಾಕುವಂತಿಲ್ಲ. "ಸರ್, ಕಲೀಬೇಕಂದ್ರ ಸಾಲಿ ಬಿಡಬೇಕಾಗ್ತದ" ಎಂದು ಆಕೆ ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಮೂರು ವರ್ಷ ನಮ್ಮಲ್ಲಿ ಪಾಠ ಮಾಡಿದ ಆಕೆ ಈಗ ಸಿಂಧನೂರಿನ ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾಳೆ.

ಇಂಥವರಿಗೆ ಕಾಲಾವಕಾಶ ಕೊಡುವುದು ಹೊಸ ಮಾತೇನಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 23ನೇ ಕಲಮೇ ಅರ್ಹತೆಯಿಲ್ಲದ ಶಿಕ್ಷಕರಿಗೆ ಐದು ವರ್ಷದ ಗಡುವು ಕೊಟ್ಟಿತ್ತು. 2017ರ ತಿದ್ದುಪಡಿ ಅದನ್ನು 2019ರ ಮಾರ್ಚ್ 31ರವರೆಗೆ ವಿಸ್ತರಿಸಿತು, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯು ಸೇವೆಯಲ್ಲಿದ್ದವರಿಗಾಗಿಯೇ ಡಿ.ಎಲ್.ಇಡಿ. (ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ) ಕೋರ್ಸು ನಡೆಸಿತು. ಅದರ ಮಾನ್ಯತೆ ಮುಂದೆ ಕೋರ್ಟಿನ ಮೆಟ್ಟಿಲೇರಿದ್ದು ವಿಷಾದದ ಸಂಗತಿ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಅವಧಿ ಉಳಿದಿರುವ ಸೇವಾನಿರತ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕೆಂದು ತೀರ್ಪಿತ್ತಿತು. ಅಮೆರಿಕದ ಹಲವು ರಾಜ್ಯಗಳಲ್ಲಿ ಶಿಕ್ಷಕರ ಕೊರತೆಯಾದಾಗ ತುರ್ತು ಪ್ರಮಾಣಪತ್ರ ಕೊಟ್ಟು ಪಾಠಕ್ಕೆ ಹಚ್ಚುತ್ತಾರೆ, ಆದರೆ ಆ ಪತ್ರಕ್ಕೆ ಅವಧಿಯಿರುತ್ತದೆ, ಅದನ್ನು ಪಡೆದವರು ಪಾಠ ಮಾಡುತ್ತಲೇ ಪೂರ್ಣ ಪ್ರಮಾಣಪತ್ರಕ್ಕೆ ಓದಿಕೊಳ್ಳುತ್ತಾರೆ. ನಮ್ಮ ಅತಿಥಿ ಶಿಕ್ಷಕರ ಮುಂದೆ ಗಡುವೂ ಇಲ್ಲ, ದಾರಿಯೂ ಇಲ್ಲ. ಪ್ರತಿ ವರ್ಷ ಹೊಸ ಅರ್ಜಿ, ಬೇಸಿಗೆ ಬಂತೆಂದರೆ ಬಿಡುಗಡೆ.

ಸಂವಿಧಾನದ 371(ಜೆ) ವಿಧಿಯಡಿ ವಿಶೇಷ ಸ್ಥಾನಮಾನವಿರುವ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕಾದರೂ ರಾಜ್ಯ ಸರ್ಕಾರವು ಶಿಕ್ಷಕರ ಶಿಕ್ಷಣ ಪರಿಷತ್ತಿನಿಂದ ಮೊದಲೇ ಲಿಖಿತ ಮಾನ್ಯತೆ ಪಡೆದು, ಸತತ ಎರಡು ವರ್ಷ ಪಾಠ ಮಾಡಿದ ಅತಿಥಿ ಶಿಕ್ಷಕರಿಗಾಗಿ ತರಬೇತಿ ಆರಂಭಿಸಬೇಕು. ಯರಮರಸ್ ಮತ್ತು ಮುನಿರಾಬಾದಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಲ್ಲಿ (ಡಯಟ್) ದಸರಾ ಹಾಗೂ ಬೇಸಿಗೆ ರಜೆಯಲ್ಲಿ ತರಗತಿ ನಡೆಸಿ, ಅವರು ಶಾಲೆಯಲ್ಲಿ ಮಾಡುವ ಪಾಠವನ್ನೇ ಅನುಭವಿ ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಇಂಟರ್ನ್‌ಶಿಪ್ ಎಂದು ಪರಿಗಣಿಸಬಹುದು. ಶುಲ್ಕವನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಭರಿಸಲಿ. ಮುಂದಿನ ಜೂನ್‌ನಲ್ಲಿ ಶಾಲೆಗಳು ತೆರೆಯುವ ಮೊದಲೇ ಈ ಕುರಿತು ಆದೇಶ ಹೊರಡಿಸಬೇಕೆಂದು ಶಾಲಾ ಶಿಕ್ಷಣ ಸಚಿವರನ್ನು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ನಿವೃತ್ತ ಮುಖ್ಯಗುರು, ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ